ಎಡತೋಳಿನ ರೇವವ್ವ

ಗುಡಗೇರಿಯಲ್ಲಿ ಯಾರ ಮನೆಗೆ ರವಿಕೆಯ ಹೊಸ ಖಣ ಬಂದರೂ ಆ ಮನೆಯ ಹೆಣ್ಣುಮಕ್ಕಳು ಒಂದು ಸಲ ರೇವವ್ವನ ಬಾಗಿಲಿಗೆ ಬಂದು ನಿಲ್ಲುತ್ತಾರೆ.

"ಯಕ್ಕಾ, ಇದೊಂದು ಜಂಪರ ಹೊಲದ ಕೊಡಬೇ."

"ಯಾಳೆ ಎಲ್ಲೈತವಾ ನನಗ? ಮುಂಜಾನೆ ಆರೂವರಿಗೆ ಹೋದ್ರ ರಾತ್ರಿ ಎಂಟಕ್ಕ ಮನಿ ಕಾಣತೈತಿ."

ಬಂದವರು ಮುಖ ಸಣ್ಣದು ಮಾಡಿಕೊಂಡು ಹೊರಡುತ್ತಾರೆ. ಓಣಿಯ ತುದಿ ಮುಟ್ಟುವುದರೊಳಗೆ ಮಾತು ಶುರು: "ಕಂಪನಿ ಟೇಲರ ಬೇ ಅಕಿ. ಫಾರಿನ್ನಿನವರಿಗೆ ಹೊಲಿಯೋ ಕೈ ನಮ್ಮ ಜಂಪರ ಮುಟ್ಟತೈತೇನ?"

ವೇಳೆ ಇಲ್ಲ ಅಂದದ್ದು ಸುಳ್ಳಲ್ಲ. ಆದರೆ ಅದರ ಹಿಂದಿನ ಮಾತನ್ನು ರೇವವ್ವ ಹನ್ನೊಂದು ವರ್ಷದಿಂದ ಬಾಯೊಳಗೇ ಇಟ್ಟುಕೊಂಡಿದ್ದಾಳೆ. ಅವಳ ಮನೆಯಲ್ಲಿ ಹೊಲಿಗೆ ಯಂತ್ರವಿಲ್ಲ. ಒಂದು ಜಂಪರನ್ನು ಮೊದಲಿನಿಂದ ಕಡೆತನಕ ಹೊಲಿದು ಅವಳಿಗೆ ಗೊತ್ತೇ ಇಲ್ಲ. ಅವಳಿಗೆ ಬರುವುದು ಎಡತೋಳು ಒಂದೇ.

ಹುಬ್ಬಳ್ಳಿಯ ದಾರಿಯಲ್ಲಿ ಹೊಲಗಳ ನಡುವೆ ಎದ್ದಿರುವ ತಗಡಿನ ಕಾರ್ಖಾನೆಯಲ್ಲಿ ಒಂದು ಅಂಗಿ ಐವತ್ತು ಕೈ ದಾಟಿ ಹೊರಗೆ ಬರುತ್ತದೆ. ಒಬ್ಬಳು ಕಾಲರು, ಒಬ್ಬಳು ಜೇಬು, ಒಬ್ಬಳು ಬರೀ ಗುಂಡಿಯ ತೂತು. ಎಡತೋಳನ್ನು ಭುಜಕ್ಕೆ ಕೂಡಿಸುವುದು ರೇವವ್ವನ ಪಾಲು. ಕೂಡಿಸಿ ಬಲಕ್ಕೆ ತಳ್ಳಿದರೆ ಬಾಜು ಕುಳಿತ ರೂಬಿನಾ ಬಲತೋಳು ಕೂಡಿಸುತ್ತಾಳೆ. ಗಂಟೆಗೆ ತೊಂಬತ್ತು. ಹನ್ನೊಂದು ವರ್ಷದ ಲೆಕ್ಕ ಹಿಡಿದರೆ ಇಪ್ಪತ್ತು ಲಕ್ಷದ ಮೇಲೆ ಎಡತೋಳು ಅವಳ ಕೈಯಿಂದ ದಾಟಿ ಹೋಗಿವೆ. ಯಾವ ದೇಶದ ಯಾವ ಅಂಗಡಿಗೆ ಹೋದವೋ ಅವಳಿಗೆ ಗೊತ್ತಿಲ್ಲ. ಆ ಅಂಗಡಿಗಳಲ್ಲಿ ವಾರಕ್ಕೊಂದು ಹೊಸ ನಮೂನೆ ತೂಗಬೇಕಂತೆ, ಕೊಂಡವರು ನಾಲ್ಕು ಸಲ ತೊಟ್ಟು ಬಿಸಾಕುತ್ತಾರಂತೆ. ಅವರ ಆ ಅವಸರಕ್ಕೆ ಇಲ್ಲಿ ಒಬ್ಬಳು ಒಂದೇ ತೋಳಿಗೆ ಮೊಳೆ ಹೊಡೆದಂತೆ ಕುಳಿತಿರಬೇಕು.

ಎರಡನೆಯ ವರ್ಷ ರೇವವ್ವ ಕೇಳಿದ್ದಳು, ತನ್ನನ್ನು ಕಾಲರಿಗೋ ಬೆನ್ನಿಗೋ ಹಾಕಿ ಅಂತ. ಆಗಿನ ಸೂಪರವೈಜರ ನಕ್ಕಿದ್ದ. "ಕೈ ಕುಂತೈತಿ ನಿಂದು. ಅಲಗಾಡಸಬ್ಯಾಡ." ಕೈ ಕುಂತಿದ್ದು ಹೌದು. ಪೂರ್ತಿ ಅಂಗಿ ಬರುವವಳು ನಾಳೆ ಊರಲ್ಲಿ ತನ್ನದೇ ಯಂತ್ರ ಇಟ್ಟಾಳು, ಇಲ್ಲವೇ ಹೆಚ್ಚಿಗೆ ಪಗಾರ ಕೇಳಿಯಾಳು. ಎಡತೋಳಷ್ಟೇ ಬರುವವಳು ಎಲ್ಲಿಗೆ ಹೋದಾಳು? ಹೊರಗೆ ಯಾರಿಗೂ ಬರೀ ಎಡತೋಳು ಬೇಕಾಗಿರುವುದಿಲ್ಲ. ಇದನ್ನು ಕಂಪನಿಯವರು ನೈಪುಣ್ಯ ಅನ್ನುತ್ತಾರೆ, ಗೋಡೆಗೆ ಬೋರ್ಡು ಬರೆಸಿ ಹಾಕಿದ್ದಾರೆ.

ಊರಿಗೆ ಇದ್ಯಾವುದೂ ಗೊತ್ತಿಲ್ಲ. ತಂಗಿ ಮಹಾನಂದಾಗೂ ಗೊತ್ತಿರಲಿಲ್ಲ.

ಅವ್ವ ಸತ್ತಾಗ ಮಹಾನಂದಾಗೆ ಒಂಬತ್ತು, ರೇವವ್ವನಿಗೆ ಇಪ್ಪತ್ತೈದು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಮೊದಮೊದಲು ರೇವವ್ವ ಮಂದಿಯ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಿದಳು, ಆಮೇಲೆ ಕಂಪನಿ ಬಸ್ಸು ಊರಿಗೆ ಬಂತು, ಹತ್ತಿದಳು. ವರ ನೋಡಲು ಬಂದವರು ತಂಗಿಯನ್ನೂ ಸಾಕಬೇಕಾದೀತೆಂದು ಎದ್ದು ಹೋದರು. ಎರಡು ವರ್ಷದ ಹಿಂದೆ ಮಹಾನಂದಾಳನ್ನು ದುಮ್ಮವಾಡದ ಒಕ್ಕಲುತನದ ಮನೆಗೆ ಕೊಟ್ಟ ಮೇಲೆ ರೇವವ್ವ ಒಬ್ಬಳೇ ಆದಳು. ಬೆಳಿಗ್ಗೆ ಹಾಕಿದ ಬೀಗವನ್ನು ರಾತ್ರಿ ಅವಳೇ ತೆಗೆಯಬೇಕು. ಒಂದು ರೊಟ್ಟಿ ಬಡಿಯುವುದಕ್ಕೆ ಒಲೆ ಹೊತ್ತಿಸುವುದು ಬೇಸರವೆನಿಸಿ ಎಷ್ಟೋ ದಿನ ಚುರಮರಿ ತಿಂದು ಮಲಗುತ್ತಾಳೆ. ಮಾತಾಡಬೇಕೆಂದರೆ ಫೋನು, ಫೋನಿನ ಆ ಕಡೆ ಮಹಾನಂದಾ. ಅವಳದ್ದೂ ಇತ್ತೀಚೆಗೆ ಗಡಿಬಿಡಿ.

ಮಹಾನಂದಾಗೆ ಏಳು ತಿಂಗಳು ತುಂಬಿತು. ಏಳರಲ್ಲಿ ಕುಬಸ ಮಾಡುವುದು ಈ ಕಡೆಯ ರೂಢಿ: ತವರಿನವರು ಹಸಿರು ಸೀರೆ, ಜಂಪರ, ಬಳೆ, ಬುತ್ತಿ ಒಯ್ದು ಬಸುರಿಗೆ ಉಡಿಸಿ ಉಡಿ ತುಂಬುತ್ತಾರೆ. ಆಮೇಲೆ ಬಾಣಂತನಕ್ಕೆ ಮಗಳನ್ನು ಕರೆದೊಯ್ಯುತ್ತಾರೆ. ಆ ಎರಡನೆಯದನ್ನು ಅತ್ತೆ ದುಂಡವ್ವ ಫೋನಿನಲ್ಲೇ ಮುಗಿಸಿಬಿಟ್ಟಳು.

"ಬಾಣಂತನಾ ನಾವ ಮಾಡ್ತೀವಿ ಬಿಡು ರೇವವ್ವಾ. ನಿಮ್ಮನಿಗೆ ಹಗಲೆಲ್ಲಾ ಕೀಲಿ. ಕೂಸಿನ್ನ ಕೀಲಿ ಹಾಕಿ ಹೋಗ್ತೀಯೇನ?"

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ರೇವವ್ವನಿಗೆ ಚುಚ್ಚಿತು. ಅವ್ವನ ಜಾಗದಲ್ಲಿ ನಿಂತು ಸಾಕಿದವಳಿಗೆ ತಂಗಿಯ ಬಾಣಂತನ ಮಾಡುವ ಹಕ್ಕಿಲ್ಲ, ಕಂಪನಿಯ ಗಂಟೆ ಹಾಗಿದೆ. ಉಳಿದದ್ದು ಕುಬಸ ಒಂದು. ಅಷ್ಟರಲ್ಲಿ ಫೋನಿನೊಳಗೆ ಅತ್ತೆಯ ಹಿಂದಿನಿಂದ ಮಹಾನಂದಾ ಕೂಗಿದ್ದು ಕೇಳಿಸಿತು: "ಜಂಪರ ಮಾತ್ರ ನಮ್ಮಕ್ಕ ತನ್ನ ಕೈಯಿಂದ ಹೊಲದ ತರತಾಳ ನೋಡ್ರಿ ಅತ್ತಿ!"

"ಹೌದೇನ? ತರಲಿ ಮತ್ತ," ಅಂದಳು ದುಂಡವ್ವ. "ಇಲ್ಲೆ ನಾಕು ಮಂದಿಗೆ ತೋರಸೂಣು, ನಮ್ಮ ಬೀಗರ ಕೈಕಸಬು."

"ತರತೀನ್ರಿ," ಅಂದುಬಿಟ್ಟಳು ರೇವವ್ವ.

ಆ ಒಂದು ಮಾತು ಅವಳ ನಿದ್ದೆ ಕೆಡಿಸಿತು. ಹೊಲಿಸಿ ಒಯ್ದು ತಾನೇ ಹೊಲಿದೆ ಅನ್ನಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಬಾಣಂತನವೂ ಕೈತಪ್ಪಿದ ಮೇಲೆ ತಂಗಿಗೆ ಕೊಡಲು ಕೈಯಿಂದ ಮಾಡಿದ್ದು ಅನ್ನುವಂಥದ್ದು ಒಂದಾದರೂ ಇರಬೇಕೆಂದು ಅವಳಿಗೆ ಹಟ ಹತ್ತಿತು. ಹುಬ್ಬಳ್ಳಿಗೆ ಹೋಗಿ ಹಸಿರು ಇಳಕಲ್ ಸೀರೆ ತಂದಳು, ಅದಕ್ಕೆ ಒಪ್ಪುವ ಕೆಂಪಂಚಿನ ಹಸಿರು ಖಣ ತಂದಳು. ಖಣ ಅಂದರೆ ಒಂದೇ ಜಂಪರಿಗೆ ಸಾಕಾಗುವಷ್ಟು ಬಟ್ಟೆ. ಕತ್ತರಿ ತಪ್ಪಿದರೆ ಮುಗಿಯಿತು.

ಕುಬಸಕ್ಕೆ ಗೊತ್ತುಮಾಡಿದ್ದು ರವಿವಾರ. ಗುರುವಾರ ಮಧ್ಯಾಹ್ನ ಕಂಪನಿಯಲ್ಲಿ ಬಟ್ಟೆ ಬಂದಿಲ್ಲವೆಂದು ಎಲ್ಲರನ್ನೂ ಮನೆಗೆ ಕಳಿಸಿದರು. ರೇವವ್ವನಿಗೆ ದೇವರೇ ಬಾಗಿಲು ತೆಗೆದಂತಾಯಿತು. ಊರಿಗಿಳಿದವಳೇ ಮನೆಯಿಂದ ಖಣ, ತಂಗಿಯ ಹಳೆಯದೊಂದು ಜಂಪರ ತಗೊಂಡು ಪ್ಯಾಟೆಯ ನಿಜಾಮಸಾಬನ ಅಂಗಡಿಗೆ ಹೋದಳು.

ನಿಜಾಮಸಾಬ ಊರಿನ ಹಳೆಯ ಟೇಲರ. ಒಂದು ಕಾಲದಲ್ಲಿ ಹಬ್ಬದ ಮುಂದೆ ಅವನ ಅಂಗಡಿಯಲ್ಲಿ ಕೂರಲು ಜಾಗ ಇರುತ್ತಿರಲಿಲ್ಲ. ಈಗ ಮಂದಿ ಹೊಲಿದ ಬಟ್ಟೆಯನ್ನೇ ಕೊಳ್ಳುತ್ತಾರೆ, ಉದ್ದವಾದ ಪ್ಯಾಂಟಿನ ಕಾಲು ಮಡಚಿಸಲು ಅವನ ಬಳಿ ಬರುತ್ತಾರೆ. ಎರಡು ತುಳಿಯುವ ಮಷೀನುಗಳಲ್ಲಿ ಒಂದು ಸುಮ್ಮನೆ ಕುಳಿತಿರುತ್ತದೆ.

"ಏನ್ ರೇವವ್ವಾ, ಕಂಪನಿಯವರು ಕಾಲ ಮಡಚಲಿಕ್ಕೆ ಹಳೇ ಟೇಲರನ ಹುಡಕ್ಯಾರೇನ?"

"ಚ್ಯಾಷ್ಟಿ ಸಾಕ್ರಿ ಕಾಕಾ. ತಂಗಿ ಕುಬಸ ಐತಿ. ನಿಮ್ಮ ಮಷೀನ ಒಂದ್ ತಾಸು ಕೊಡ್ರಿ."

"ಕೊಡೋಣಂತ. ಕತ್ತರಿಸಿ ತಂದೀಯೇನ?"

ಇಲ್ಲಿ ಹೇಳಬಹುದಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಮುದುಕ ಊರೆಲ್ಲ ಸಾರುವವನೂ ಅಲ್ಲ. ಆದರೆ ಹನ್ನೊಂದು ವರ್ಷ ಊರು ಕೊಟ್ಟ ಮರ್ಯಾದೆಯನ್ನು ತನ್ನ ಕೈಯಾರೆ ಬಿಚ್ಚಿ ಇಡುವುದು ಸಣ್ಣ ಕೆಲಸವಲ್ಲ.

"ಕಂಪನ್ಯಾಗ ಕತ್ತರಸಾವ್ರು ಬ್ಯಾರೆ ಇರತಾರ್ರಿ. ನನಗ ರೂಢಿ ತಪ್ಪೈತಿ. ನೀವ ಗುರುತು ಹಾಕಿ ಹೇಳ್ರಿ, ನಾ ಮಾಡ್ತೀನಿ."

ನಿಜಾಮಸಾಬ ಮಹಾನಂದಾಳ ಹಳೆಯ ಜಂಪರಿನ ಅಳತೆ ಹಿಡಿದು, ಬಸುರಿಗೆಂದು ನಾಲ್ಕು ಬೆರಳು ಸಡಿಲ ಬಿಟ್ಟು, ಬಳಪದಿಂದ ಗೆರೆ ಎಳೆದ. ಅವಳು ಕತ್ತರಿಸಿದಳು. ಬೆನ್ನು, ಎದೆ, ಪಟ್ಟಿ. ಪ್ರತಿ ಕತ್ತರಿಗೂ ಅವಳು ನಿಂತು ಗೆರೆ ನೋಡುವುದನ್ನು ಕಂಡು ಮುದುಕ ನಕ್ಕ. "ಫಾರಿನ್ನಿನವರ ಅಂಗಿಗೆ ಹೆದರದಾಕಿ ತಂಗಿ ಜಂಪರಿಗೆ ಹೆದರತೀಯಲ್ಲ ಬೇ!"

ತೋಳಿನ ಹೊತ್ತಿಗೆ ಬಟ್ಟೆ ಇಕ್ಕಟ್ಟಾಯಿತು. ಎರಡೂ ತೋಳಿಗೆ ಕೆಂಪಂಚು ಬರಬೇಕೆಂದರೆ ಬಟ್ಟೆ ಮಡಚಿ ಒಟ್ಟಿಗೆ ಕತ್ತರಿಸಲು ಆಗುವುದಿಲ್ಲ, ಈ ಅಂಚಿನಲ್ಲಿ ಒಂದು, ಆ ಅಂಚಿನಲ್ಲಿ ಒಂದು. ನಿಜಾಮಸಾಬ ಒಂದು ತೋಳಿಗೆ ಗೆರೆ ಹಾಕಿ ಕತ್ತರಿಸಿ ಕೊಟ್ಟ. ಮಸೀದಿಯಿಂದ ಸಂಜೆಯ ಬಾಂಗು ಕೇಳಿಸಿತು. "ಇದನ್ನ ಮ್ಯಾಲಿಟ್ಟು ಇನ್ನೊಂದ ಕತ್ತರಸಿಕೋ, ನಮಾಜು ಮಾಡಿ ಬರತೀನಿ," ಎಂದು ಎದ್ದು ಹೋದ.

ಮೇಲಿಡುವಾಗ ಮಗುಚಿ ಇಡಬೇಕು ಅನ್ನುವುದನ್ನು ಅವನು ಹೇಳಲಿಲ್ಲ. ಟೇಲರಿಗೆ ಅದನ್ನು ಹೇಳುತ್ತಾರೆಯೆ? ಮನುಷ್ಯರ ಕೈ ಮುಂದಕ್ಕೆ ಬಾಗುತ್ತದೆ, ಅದಕ್ಕೇ ತೋಳನ್ನು ಮುಂಬದಿಗೆ ಒಂದಿಷ್ಟು ಹೆಚ್ಚು ಕೊರೆದಿರುತ್ತಾರೆ. ಎಡಕ್ಕೊಂದು, ಬಲಕ್ಕೊಂದು, ಕನ್ನಡಿಯಲ್ಲಿ ನೋಡಿದ ಹಾಗೆ. ರೇವವ್ವ ಕತ್ತರಿಸಿದ ತೋಳನ್ನು ನೋಡಿದಳು. ಅದು ಎಡತೋಳು. ಇಪ್ಪತ್ತು ಲಕ್ಷ ಸಲ ನೋಡಿದ ಆಕಾರ. ಅದನ್ನು ಇದ್ದಂತೆಯೇ ಬಟ್ಟೆಯ ಮೇಲಿಟ್ಟು ನೀಟಾಗಿ ಗೆರೆ ಎಳೆದು ಕತ್ತರಿಸಿದಳು.

ಮುದುಕ ತಿರುಗಿ ಬರುವ ಹೊತ್ತಿಗೆ ಅವಳು ಮಷೀನಿನ ಮುಂದೆ ಕುಳಿತಿದ್ದಳು. ಕರೆಂಟಿನ ಯಂತ್ರಕ್ಕೆ ರೂಢಿಯಾದ ಕಾಲು ತುಳಿಯುವ ಮಷೀನಿನ ಮೇಲೆ ಎಡವಿತು, ಚಕ್ರ ಹಿಂದಕ್ಕೆ ತಿರುಗಿ ಎರಡು ಸಲ ದಾರ ಹರಿಯಿತು. ಅವನು ಒಂದೊಂದೇ ಹೇಳಿದ, ಅವಳು ಹೊಲಿದಳು. ಎಡತೋಳಿಗೆ ಬಂದಾಗ ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಬಟ್ಟೆ ತಾನಾಗಿ ಸೂಜಿಯ ಕೆಳಗೆ ತಿರುಗಿತು, ಒಂದು ನಿರಿಗೆ ಇಲ್ಲ, ಒಂದು ಸೊಟ್ಟ ಇಲ್ಲ. ನಿಜಾಮಸಾಬ ಬೀಡಿ ಹಚ್ಚುವುದನ್ನು ಮರೆತು ನೋಡಿದ.

"ಯಾ ಅಲ್ಲಾ! ನಲವತ್ತು ವರ್ಷ ಆತು ನಾ ಹೊಲ್ಯಾಕತ್ತು, ಇಂಥಾ ತೋಳ ಹಚ್ಚಿಲ್ಲ."

ಬಲತೋಳು ಕೈಗೆ ಒಪ್ಪಲಿಲ್ಲ. ಬಟ್ಟೆ ಎಲ್ಲೋ ಹಿಡಿಯುತ್ತಿತ್ತು, ಎಳೆದು ಸಮ ಮಾಡಿದಳು. ಈ ಕೈಗೆ ಅದು ಗೊತ್ತಿಲ್ಲ, ಅದಕ್ಕೇ ಹೀಗೆ, ಅಂದುಕೊಂಡಳು. ಅಷ್ಟರಲ್ಲಿ ಯಾರೋ ಪ್ಯಾಂಟು ಹಿಡಿದು ಬಂದರು, ಮುದುಕ ಅತ್ತ ತಿರುಗಿದ. ಮುಗಿದ ಮೇಲೆ ಬಲ್ಬಿನ ಕೆಳಗೆ ಹೊಲಿಗೆ ನೋಡಿ "ಮುತ್ತು ಪೋಣಿಸಿದಂಗ ಐತಿ" ಅಂದ. ಯಾರ ಮೈಮೇಲೂ ಇಟ್ಟು ನೋಡುವ ಮಾತು ಇಬ್ಬರಿಗೂ ಹೊಳೆಯಲಿಲ್ಲ. ನೋಡಲು ಅವಳ ಜೊತೆ ಬೇರೆ ಮೈ ಯಾವುದಿತ್ತು?

ಶುಕ್ರವಾರ ಸಂಜೆ ಸೂಪರವೈಜರ ಸುಭಾಸ ಸಾಲುಗಳ ಮುಂದೆ ನಿಂತು ಚಪ್ಪಾಳೆ ತಟ್ಟಿದ. ಗುರುವಾರ ಅರ್ಧ ದಿನ ಮನೆಗೆ ಹೋಗಿದ್ದೀರಿ, ಹೋದ ವಾರ ಕರೆಂಟು ಹೋದಾಗ ಅರ್ಧ ದಿನ ಹೋಗಿದ್ದೀರಿ, ಎರಡೂ ಸೇರಿಸಿ ರವಿವಾರ ತುಂಬಿಕೊಡಬೇಕು, ಬಸ್ಸು ಬರುತ್ತದೆ ಅಂದ. ಬಟ್ಟೆ ತರಿಸದೆ ಹೋದದ್ದು ಕಂಪನಿ. ಆ ಹೊತ್ತನ್ನು ತಮ್ಮ ವಾರದ ಸೂಟಿಯಿಂದ ಕಿತ್ತುಕೊಡಬೇಕಾದವರು ಇವರು. ಇನ್ನೂರು ಹೆಣ್ಣುಮಕ್ಕಳಲ್ಲಿ ಒಬ್ಬಳೂ ತಲೆ ಎತ್ತಲಿಲ್ಲ.

ರೇವವ್ವ ಎದ್ದು ಹೋದಳು. "ಸರ್, ರವಿವಾರ ನನ್ನ ತಂಗಿ ಕುಬಸ ಐತ್ರಿ."

"ಎಲ್ಲಾರಿಗೂ ಒಂದೊಂದು ಇರತೈತಿ ಅಕ್ಕಾರ."

"ತವರಮನ್ಯಾಗ ನಾ ಒಬ್ಬಾಕೇರಿ."

"ಎಡತೋಳಿಗೂ ನೀವ ಒಬ್ರು. ನೀವಿಲ್ಲಂದ್ರ ಸಾಲು ನಿಂದರತೈತಿ, ಮ್ಯಾಲಿನವರು ನನ್ನ ಹರೀತಾರ." ಸುಭಾಸ ಧ್ವನಿ ತಗ್ಗಿಸಿದ. "ಬರಲಿಲ್ಲಂದ್ರ ಎರಡ ದಿನದ ಪಗಾರ ಮುರೀತಾರ. ಸೋಮವಾರ ಗೇಟಿನ್ಯಾಗ ನಿಂದರಸ್ತಾರ. ನಾ ಏನೂ ಮಾಡಾಕ ಬರಾಂಗಿಲ್ಲ."

ರವಿವಾರ ಬೆಳಿಗ್ಗೆ ಆರೂವರೆಗೆ ಕಂಪನಿ ಬಸ್ಸು ಬಂದು ಹಾರ್ನು ಹೊಡೆಯಿತು. ರೇವವ್ವ ಕಡಬಿನ ಬುತ್ತಿ ಕಟ್ಟುತ್ತ ಒಳಗೇ ಕುಳಿತಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಬಸ್ಸು ಅವಳನ್ನು ಬಿಟ್ಟು ಹೋಯಿತು.

ದುಮ್ಮವಾಡದ ಅಂಗಳದಲ್ಲಿ ಹೆಂಗಸರು ಆಗಲೇ ಜಮಖಾನೆ ಹಾಸಿ ಕುಳಿತಿದ್ದರು. ದುಂಡವ್ವ ಬಾಗಿಲಿಗೇ ಬಂದಳು. "ಬರ್ರಿ ಟೇಲರ ಬೀಗರ! ಎಲ್ಲೈತಿ ನಿಮ್ಮ ಕೈಕಸಬು? ಮೊದಲ ಉಡಸ್ರಿ, ಆಮ್ಯಾಲ ಚಾ."

ಒಳಗಿನ ಕೋಣೆಯಲ್ಲಿ ಅಕ್ಕ ತಂಗಿ ಇಬ್ಬರೇ. ಮಹಾನಂದಾ ಜಂಪರನ್ನು ಎದೆಗೆ ಅವಚಿ ನಕ್ಕಳು, ಆಮೇಲೆ ತೊಟ್ಟಳು. ಎಡಗೈ ಹೋಗಿದ್ದೇ ತಿಳಿಯಲಿಲ್ಲ. ಬಲಗೈ ಹೋಯಿತು, ಮುಂದಕ್ಕೆ ಬರಲಿಲ್ಲ. ಕೈ ಚಾಚಿದರೆ ಎದೆ ಎಳೆಯಿತು, ಬೆನ್ನಿಗೆ ಚೀಲ ಕಟ್ಟಿದಂತೆ ಬಟ್ಟೆ ಉಬ್ಬಿತು. ಕತ್ತು ತಿರುಗಿಸಿ ನೋಡಿಕೊಂಡ ಮಹಾನಂದಾಗೆ ನಗು ಒತ್ತರಿಸಿ ಬಂತು.

"ಅಕ್ಕಾ, ಎರಡೂ ಎಡಗೈ! ನಾ ಏನ್ ಎರಡ್ ಎಡಗೈಯಾಕೀನ?" ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತ ಅಕ್ಕನ ಮುಖ ನೋಡಿದಳು, ನಗು ಅಲ್ಲೇ ನಿಂತಿತು.

"ನನಗ ಅದೊಂದ ಬರತೈತಿ," ಅಂದಳು ರೇವವ್ವ.

"ಯಾವುದು?"

"ಎಡಗಡಿ ತೋಳ. ಮೊದಲಿಂದ್ಲೂ ಅದನ್ನ ಹಚ್ಚಾಕತ್ತೀನಿ. ಉಳದದ್ದೊಂದೂ ಗೊತ್ತಿಲ್ಲ ನನಗ."

ಮಹಾನಂದಾ ಎಡತೋಳಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಈ ತೋಳುಗಳೇ ಅವಳ ಶಾಲೆಯ ಫೀಸು, ಅವಳ ಲಗ್ನದ ಸೀರೆ. ಅಕ್ಕ ಅಲ್ಲಿ ಏನು ಮಾಡುತ್ತಾಳೆಂದು ಅವಳು ಒಂದು ದಿನವೂ ಕೇಳಿರಲಿಲ್ಲ. ಈಗಲೂ ಕೇಳಲು ಪುರುಸೊತ್ತಿಲ್ಲ, ಹೊರಗೆ ದುಂಡವ್ವ ಕರೆಯುತ್ತಿದ್ದಳು.

"ನಿಮ್ಮತ್ತಿ ತಂದ ರೆಡಿಮೇಡ ಜಂಪರ ಪೆಟ್ಟಿಗ್ಯಾಗ ಐತಂತ ಫೋನಿನ್ಯಾಗ ಹೇಳಿದ್ದೆಲ್ಲ, ಅದನ್ನ ಹಾಕ್ಕೋ," ಅಂದಳು ರೇವವ್ವ.

"ಸುಮ್ಮನಿರ್ತೀಯೋ ಇಲ್ಲೋ," ಎಂದು ಮಹಾನಂದಾ ಸೆರಗನ್ನು ಬಲಭುಜದ ಮೇಲೆ ಹೊದ್ದು, ಬಲಗೈಯನ್ನು ಮೈಗೆ ಅಂಟಿಸಿಕೊಂಡು ಹೊರಗೆ ನಡೆದಳು.

ಎಡಗಡೆ ಕುಳಿತ ಹೆಂಗಸರು ಎಡತೋಳನ್ನು ಮುಟ್ಟಿ ಮುಟ್ಟಿ ನೋಡಿದರು. ಬಳೆ ತೊಡಿಸುವಾಗ ಬಲಗೈ ಯಾಕೆ ಎತ್ತುವುದಿಲ್ಲವೆಂದು ದುಂಡವ್ವ ಕೇಳಿದ್ದಕ್ಕೆ ಮಹಾನಂದಾ, "ಕೈ ಜೋಮು ಹಿಡದೈತ್ರಿ ಅತ್ತಿ, ಕೂಸು ಆ ಕಡಿಗೇ ಒದಿತೈತಿ," ಅಂದಳು. ಅದಕ್ಕೂ ಒಂದು ನಗೆ ಎದ್ದಿತು. ಸೋಬಾನೆ ಹಾಡಿದರು, ಉಡಿ ತುಂಬಿದರು.

ದುಂಡವ್ವನಿಗೆ ಹಿಗ್ಗು. ನಾಲ್ಕು ಮಂದಿಯ ನಡುವೆ ರೇವವ್ವನ ಕೈ ಹಿಡಿದಳು. "ಇನ್ನ ಕೂಸಿನ ಅಂಗಿ, ತಲಿಗೆ ಕುಂಚಿಗಿ ಎಲ್ಲಾ ನೀನ ಹೊಲೀಬೇಕ ನೋಡವಾ. ಬ್ಯಾರೇದವರ ಕೈ ಹಚ್ಚಾಂಗಿಲ್ಲ."

ರೇವವ್ವ ಸುಮ್ಮನಿದ್ದಿದ್ದರೆ ಅದೂ ದಾಟಿ ಹೋಗುತ್ತಿತ್ತು. ಆದರೆ ಹುಟ್ಟದ ಕೂಸಿನ ಹೆಸರಿನಲ್ಲಿ ಸುಳ್ಳು ಹೇಳಲು ಅವಳ ನಾಲಿಗೆ ಏಳಲಿಲ್ಲ.

"ನನಗ ಹೊಲ್ಯಾಕ ಬರಾಂಗಿಲ್ರಿ ಅತ್ತಿಯಾರ."

"ಏನಂದಿ?"

"ಖರೇನ. ಕಂಪನ್ಯಾಗ ನಾ ಎಡಗಡಿ ತೋಳ ಅಷ್ಟ ಹಚ್ಚತೀನಿ. ಬಲಗಡಿದೂ ಬರಾಂಗಿಲ್ಲ. ಅಕಿ ತೋಳ ನೋಡ್ರಿ ಬೇಕಾದ್ರ, ತಪ್ಪೈತಿ."

ಮಹಾನಂದಾ ಬಲತೋಳಿನ ಮೇಲೆ ಸೆರಗು ಇನ್ನಷ್ಟು ಎಳೆದುಕೊಂಡಳು. ಅಷ್ಟರಲ್ಲಿ ಮೂಲೆಯ ಮುದುಕಿಯೊಬ್ಬಳು "ಕೇಳ್ರೇ ಇಲ್ಲೆ! ಕುಂಚಿಗಿ ಹೊಲ್ಯಾಕ ಬ್ಯಾಸರಾಗಿ ಏನ್ ಕಥಿ ಕಟ್ಟತಾಳ," ಅಂದದ್ದೇ ಅಂಗಳ ತುಂಬ ನಗು. "ಒಂದ ತೋಳಿಗೆ ಯಾರು ಪಗಾರ ಕೊಡತಾರ ಬೇ!" ಅಂದಳು ಇನ್ನೊಬ್ಬಳು. "ಬೀಗತಿ ಭಾರೀ ಚ್ಯಾಷ್ಟಿ ಅದಾಳ," ಎಂದು ದುಂಡವ್ವ ಕಣ್ಣೊರೆಸಿಕೊಂಡು ನಕ್ಕಳು. ಅವರದೂ ತಪ್ಪಿಲ್ಲ. ಒಂದೇ ತೋಳಿಗೆ ಒಂದು ಇಡೀ ಜೀವ ಕೊಡುವ ಕೆಲಸ ಈ ಲೋಕದಲ್ಲಿದೆ ಅಂದರೆ ಬುದ್ಧಿ ನೆಟ್ಟಗಿರುವ ಯಾರು ನಂಬುತ್ತಾರೆ?

ಬಸ್ ನಿಲ್ದಾಣಕ್ಕೆ ಕಳಿಸಲು ಬಂದ ಮಹಾನಂದಾ ಅವಳ ಕೈ ಒತ್ತಿದಳು. "ನೀ ಯಾಕ ಹೇಳಾಕ ಹೋದಿ? ಪುಣ್ಯಾಕ ಯಾರೂ ನಂಬಲಿಲ್ಲ. ನಿನ್ನ ಮರ್ಯಾದಿ ಉಳೀತು."

ಹೌದು, ಉಳಿಯಿತು. ಆಧಾರ ಕಾರ್ಡು ತೋರಿಸಿ ಸೊನ್ನೆ ರೂಪಾಯಿ ಟಿಕೀಟು ತಗೊಂಡು ರೇವವ್ವ ಕಿಟಕಿಗೆ ಕುಳಿತಳು. ಬೆಳೆದ ಸೋಯಾಬೀನು, ಗೋವಿನಜೋಳ ಹಿಂದಕ್ಕೆ ಹೋದವು. ಸುಳ್ಳು ಹೇಳಿಕೊಂಡಿದ್ದಾಗ ಒಬ್ಬಳೇ ಇದ್ದೇನೆ ಅನಿಸುತ್ತಿತ್ತು. ಖರೆ ಹೇಳಿದ ಮೇಲೆ ಅದಕ್ಕಿಂತ ಒಬ್ಬಳೇ ಆದದ್ದು ಯಾಕೆಂದು ಅವಳಿಗೆ ಹುಬ್ಬಳ್ಳಿ ಮುಟ್ಟಿದರೂ ತಿಳಿಯಲಿಲ್ಲ.

ಸೋಮವಾರ ಸುಭಾಸ ಹೇಳಿದಂತೆಯೇ ಆಯಿತು. ಅವಳನ್ನು ಗೇಟಿನ ಬಳಿ ಬಿಸಿಲಿಗೆ ನಿಲ್ಲಿಸಿದರು, ತಪ್ಪಾಯಿತೆಂದು ಬರೆಸಿಕೊಂಡರು, ಎರಡು ದಿನದ ಪಗಾರ ಮುರಿದರು. ಒಂದು ತಾಸಿಗೆ ಸುಭಾಸ ಓಡಿ ಬಂದು ಒಳಗೆ ಕರೆದೊಯ್ದ. ಅವಳ ಮಷೀನಿನ ಮುಂದೆ ತೋಳಿಲ್ಲದ ಅಂಗಿಗಳು ರಾಶಿ ಬಿದ್ದಿದ್ದವು.

ರೂಬಿನಾ ಬೇರೆ ಬಸ್ಸಿನವಳು. ಆರು ವರ್ಷ ಒಂದು ಮೊಳದ ದೂರದಲ್ಲಿ ಕುಳಿತರೂ ಇಬ್ಬರೂ ಹೊರಗೆ ಒಂದು ಸಲವೂ ಭೇಟಿಯಾಗಿಲ್ಲ. ಒಳಗೆ ಮಾತಾಡುವ ಹಾಗಿಲ್ಲ, ಮಾತಾಡಿದರೂ ಮುಖ ನೋಡುವ ಹಾಗಿಲ್ಲ. ಕಣ್ಣು ಸೂಜಿಯಿಂದ ಸರಿದರೆ ಬೆರಳು ಹೋಗುತ್ತದೆ.

"ಹ್ಯಾಂಗಾತು ಯಕ್ಕಾ, ಕುಬಸ?" ಅಂದಳು ರೂಬಿನಾ, ತಲೆ ಎತ್ತದೆ.

ರೇವವ್ವ ಮೊದಲ ತೋಳು ಕೂಡಿಸಿ ತಳ್ಳಿದಳು. ಎರಡನೆಯದು ತಳ್ಳಿದಳು. ಮೂರನೆಯದರ ಹೊತ್ತಿಗೆ ಹೇಳಿದಳು. ಜಂಪರ, ಖಣ, ಎರಡೂ ಎಡತೋಳು, ತಂಗಿಯ ನಗು, ಯಾರೂ ನಂಬದೆ ಹೋದದ್ದು, ಎಲ್ಲ ಹೇಳಿದಳು. ಯಂತ್ರದ ಸದ್ದಿನಲ್ಲಿ ರೂಬಿನಾಗೆ ಕೇಳಿಸಿತೋ ಇಲ್ಲವೋ. ನಾಲ್ಕೈದು ಅಂಗಿ ದಾಟಿದವು.

"ನಾ ಹೊಲದಿದ್ರ ಎರಡೂ ಬಲತೋಳ ಆಗತಿದ್ವು ಯಕ್ಕಾ," ಅಂದಳು.

ರೇವವ್ವನಿಗೆ ಅವಳ ಮುಖ ನೋಡಬೇಕೆನಿಸಿತು. ಕತ್ತು ಅರ್ಧ ತಿರುಗಿಸಿದಳು, ಅಷ್ಟರಲ್ಲಿ ಮುಂದಿನ ಕಟ್ಟು ಬಂದು ಮೇಜಿನ ಮೇಲೆ ಬಿತ್ತು.